ಕಣ್ಣಿಗೆ ಕಂಡಿತ್ತು, ಕಾಲು ಮಾತ್ರ ಕದಲಲಿಲ್ಲ: ಒಬ್ಬ ವ್ಯಾನ್ ಡ್ರೈವರ್‌ನ ಅಪಾಯಪ್ರಜ್ಞೆ ಅಳೆದ ಪ್ರಕರಣ

ಪಾರ್ಸೆಲ್ ಸಾಗಿಸುವ ಒಂದು ಕಂಪನಿ ತನ್ನ ಡ್ರೈವರ್ ಒಬ್ಬರನ್ನು ನಮ್ಮ ಹತ್ತಿರ ಕಳಿಸಿತ್ತು. ಜೊತೆಗೊಂದು ಪತ್ರ. ಅದರಲ್ಲಿ ಇದ್ದದ್ದು ಇಷ್ಟು: ಒಂದೇ ವರ್ಷದಲ್ಲಿ ಮೂರು ಸಲ ಗುದ್ದಿದ್ದಾರೆ, ರಿಫ್ಲೆಕ್ಸ್ ನಿಧಾನ ಇರಬೇಕು, ಕಣ್ಣು ಮತ್ತು ರಿಯಾಕ್ಷನ್ ಟೈಮ್ ಪರೀಕ್ಷೆ ಮಾಡಿ, ಕೆಲಸದಲ್ಲಿ ಇಟ್ಟುಕೊಳ್ಳಬಹುದೋ ಬೇಡವೋ ತಿಳಿಸಿ. ಡ್ರೈವರ್‌ಗಳ ಅಪಾಯಪ್ರಜ್ಞೆ ಅಳೆದು, ಅದಕ್ಕೆ ತಕ್ಕ ತರಬೇತಿ ಕೊಡುವುದು ನಮ್ಮ ಕೆಲಸ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯೋಕೆ ಕಾರಣ ಇದೆ. ಇಂಥ ಪತ್ರಗಳಲ್ಲಿ ಬರುವ ಪ್ರಶ್ನೆಯೇ ಬಹಳ ಸಲ ತಪ್ಪಿರುತ್ತದೆ. ಪ್ರಶ್ನೆ ತಪ್ಪಿದರೆ ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಮುಂದಿನ ಅಪಘಾತ ತಪ್ಪಲ್ಲ. ಹೆಸರು, ಊರು, ಕಂಪನಿ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ.

ಮೂರು ಘಟನೆಗಳು

ಡ್ರೈವರ್‌ಗೆ ಮೂವತ್ತರ ಹತ್ತಿರ ವಯಸ್ಸು. ವ್ಯಾನ್ ಓಡಿಸಿ ಎಂಟು ವರ್ಷದ ಅನುಭವ. ಕುಡಿಯುವ ಅಭ್ಯಾಸ ಇಲ್ಲ. ಓಡಿಸುವಾಗ ಫೋನ್ ಮುಟ್ಟುವುದಿಲ್ಲ. ಇಕ್ಕಟ್ಟಿನ ಜಾಗದಲ್ಲಿ ರಿವರ್ಸ್ ತೆಗೆಯುವುದರಲ್ಲಿ ಅವರನ್ನು ಮೀರಿಸುವವರು ಡಿಪೋದಲ್ಲೇ ಇಲ್ಲ ಅಂತ ಜೊತೆಯ ಡ್ರೈವರ್‌ಗಳು ಹೇಳಿದರು. ಹೊಸಬರಿಗೆ ಗಾಡಿ ಕಲಿಸುವುದೂ ಅವರೇ.

ಮೊದಲನೇ ಸಲ, ರಸ್ತೆ ಬದಿ ಆಗಷ್ಟೇ ನಿಂತ ಕಾರಿನ ಬಾಗಿಲು ತೆರೆಯಿತು, ವ್ಯಾನಿನ ಮೂಲೆ ಅದಕ್ಕೆ ಬಡಿಯಿತು. ಎರಡನೇ ಸಲ, ಮುಂದಿನ ಕಾರು ಏಕಾಏಕಿ ನಿಂತಿತು, ಇವರು ಹಿಂದಿನಿಂದ ಗುದ್ದಿದರು. ಮೂರನೇದು ಗಂಭೀರ. ಸ್ಟಾಪಿನಲ್ಲಿ ಬಸ್ ನಿಂತಿತ್ತು. ಅದರ ಮುಂದಿನಿಂದ ಒಬ್ಬ ಹುಡುಗ ರಸ್ತೆ ದಾಟಲು ಬಂದ. ಬ್ರೇಕ್ ಹಾಕಿದರು, ಜೋರಾಗಿಯೇ ಹಾಕಿದರು, ಆದರೂ ವ್ಯಾನ್ ತಗುಲಿತು. ಹುಡುಗನ ಕಾಲಿನ ಮೂಳೆ ಮುರಿಯಿತು. ಚೇತರಿಸಿಕೊಂಡ, ಅದೊಂದು ಸಮಾಧಾನ.

ಮೂರಕ್ಕೂ ಡ್ಯಾಶ್‌ಕ್ಯಾಮ್ ವಿಡಿಯೊ ಇತ್ತು. ಡ್ರೈವರ್ ಜೊತೆ ಮಾತಾಡುವ ಮೊದಲೇ ನಾವು ಅದನ್ನು ಫ್ರೇಮ್ ಫ್ರೇಮ್ ಆಗಿ ನೋಡಿದೆವು. ಹುಡುಗ ಬಸ್ಸಿನ ಮರೆಯಿಂದ ಹೊರಬಂದ ಫ್ರೇಮಿನಿಂದ ಹಿಡಿದು, ಬ್ರೇಕ್ ಬಿದ್ದು ವ್ಯಾನಿನ ಮೂತಿ ಕೆಳಗೆ ಬಾಗಿದ ಫ್ರೇಮಿನ ತನಕ ಒಂದು ಸೆಕೆಂಡೂ ಆಗಿಲ್ಲ. ಇದಕ್ಕಿಂತ ಬೇಗ ಯಾರು ತಾನೇ ಬ್ರೇಕ್ ಹಾಕ್ತಾರೆ? ರಿಫ್ಲೆಕ್ಸ್ ನಿಧಾನ ಅನ್ನುವ ಮಾತು ಅಲ್ಲೇ ಬಿದ್ದುಹೋಯಿತು.

ಆದರೆ ಅದಕ್ಕೂ ಹಿಂದಿನ ಕೆಲವು ಸೆಕೆಂಡು ನೋಡಿ. ಬಸ್ ನಿಂತಿದೆ, ಜನ ಇಳಿಯುತ್ತಿದ್ದಾರೆ. ಬಸ್ಸಿನ ಅಡಿಯ ಸಂದಿನಲ್ಲಿ ಎರಡು ಪುಟ್ಟ ಕಾಲು ಮುಂದಕ್ಕೆ ಓಡುವುದು ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ವ್ಯಾನಿನ ವೇಗ ಮಾತ್ರ ಇದ್ದಷ್ಟೇ ಇದೆ. ಕಾರಿನ ಬಾಗಿಲಿನ ವಿಡಿಯೊದಲ್ಲೂ ಹಾಗೇ. ಕಾರು ಈಗ ತಾನೇ ನಿಂತಿದೆ, ಡ್ರೈವರ್ ಸೀಟಿನಲ್ಲಿ ತಲೆ ಅಲ್ಲಾಡುತ್ತಿದೆ, ಅಂದರೆ ಯಾರೋ ಇಳಿಯೋಕೆ ತಯಾರಾಗಿದ್ದಾರೆ ಅಂತ ತಾನೇ? ಹಿಂದಿನಿಂದ ಗುದ್ದಿದ ಪ್ರಕರಣದಲ್ಲಿ, ಎರಡು ಗಾಡಿ ಆಚೆಯೇ ಬ್ರೇಕ್ ಲೈಟ್ ಹೊತ್ತಿತ್ತು. ಮೂರರಲ್ಲೂ ಸುಳಿವು ಇತ್ತು. ಮೂರರಲ್ಲೂ ವೇಗ ಮಿತಿಯೊಳಗೇ ಇತ್ತು. ಮೂರರಲ್ಲೂ ಸುಳಿವು ಕಂಡಾಗ ಏನೂ ಆಗಿಲ್ಲ, ಕೊನೇ ಗಳಿಗೆಯಲ್ಲಿ ಪೂರ್ತಿ ಬ್ರೇಕ್ ಬಿದ್ದಿದೆ.

ಕಾಣಲಿಲ್ಲವಾ, ಲೆಕ್ಕಕ್ಕೆ ತಗೊಳ್ಳಲಿಲ್ಲವಾ?

ಡ್ರೈವರ್ ಒಬ್ಬರು ಅಪಾಯ ಎದುರಿಸುವಾಗ ಏನೇನು ಆಗಬೇಕು ಅಂತ ಸರಳವಾಗಿ ಹೇಳುವುದಾದರೆ: ಮೊದಲು ಕಣ್ಣು ಅತ್ತ ಹೋಗಬೇಕು. ಕಂಡಿದ್ದರಿಂದ ಮುಂದೇನಾಗಬಹುದು ಅಂತ ಹೊಳೆಯಬೇಕು. ಅದು ತನಗೆಷ್ಟು ಅಪಾಯ ಅಂತ ತೂಗಿ ನೋಡಬೇಕು. ಆಮೇಲೆ ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕಿನ ಮೇಲೆ ಬರಬೇಕು. ಹೊರಗಿನವರಿಗೆ ಕಾಣುವುದು ಕೊನೆಯದು ಮಾತ್ರ. ಹಾಗಾಗಿ ಬ್ರೇಕ್ ತಡವಾದರೆ ಕಾಲು ನಿಧಾನ ಅಂತ ತೀರ್ಮಾನ ಮಾಡಿಬಿಡುತ್ತಾರೆ. ತಪ್ಪಿದ್ದು ಮೊದಲ ಮೂರರಲ್ಲಿ ಯಾವುದು ಅಂತ ಯಾರೂ ಕೇಳಲ್ಲ.

ಹೊಸ ಡ್ರೈವರ್‌ಗಳಲ್ಲಿ ಸಾಮಾನ್ಯವಾಗಿ ತಪ್ಪುವುದು ಮೊದಲನೇದೇ. 1972ರಲ್ಲಿ ಮೌರಂಟ್ ಮತ್ತು ರಾಕ್‌ವೆಲ್ ಅನ್ನುವ ಸಂಶೋಧಕರು ಹೊಸಬರ ಮತ್ತು ಅನುಭವಿಗಳ ಕಣ್ಣಿನ ಚಲನೆಯನ್ನು ಹೋಲಿಸಿ ನೋಡಿದರು. ಹೊಸಬರ ದೃಷ್ಟಿ ಗಾಡಿಯ ಮುಂದೆ ಹತ್ತಿರದಲ್ಲೇ ಜಾಸ್ತಿ ಇರುತ್ತಿತ್ತು, ಕನ್ನಡಿ ನೋಡುವುದೂ ಕಡಿಮೆ. ಅವರಿಗೆ ಎಲ್ಲಿ ನೋಡಬೇಕು ಅಂತ ಕಲಿಸಿದರೆ ಉಪಯೋಗ ಆಗುತ್ತದೆ. ಆದರೆ ಎಂಟು ವರ್ಷ ಪಳಗಿದವರಿಗೂ ಅದೇ ಪಾಠ ಸಾಕಾ? ಅವರ ತೊಂದರೆ ಅದೇನಾ ಅಂತ ಮೊದಲು ನೋಡಬೇಕಲ್ವಾ?

ತೂಗುವ ಹಂತದ ಬಗ್ಗೆಯೂ ಒಂದು ಹಳೇ ಸಮೀಕ್ಷೆ ನೆನಪಿಸಬೇಕು. 1981ರಲ್ಲಿ ಓಲಾ ಸ್ವೆನ್ಸನ್ ಅನ್ನುವ ಸಂಶೋಧಕರು ಡ್ರೈವರ್‌ಗಳನ್ನು, ಉಳಿದವರಿಗೆ ಹೋಲಿಸಿದರೆ ನೀವೆಷ್ಟು ಚೆನ್ನಾಗಿ ಓಡಿಸುತ್ತೀರಿ ಅಂತ ಕೇಳಿದರು. ಅಮೆರಿಕದ ಗುಂಪಿನಲ್ಲಿ ನೂರಕ್ಕೆ 93 ಜನ, ಸ್ವೀಡನ್ನಿನ ಗುಂಪಿನಲ್ಲಿ 69 ಜನ, ತಾವು ಕೌಶಲದಲ್ಲಿ ಮೇಲಿನ ಅರ್ಧದಲ್ಲಿ ಇದ್ದೇವೆ ಅಂದರು. ಇಷ್ಟೂ ಜನ ಮೇಲಿನ ಅರ್ಧದಲ್ಲಿ ಇರೋಕೆ ಸಾಧ್ಯವೇ ಇಲ್ಲ. ತನ್ನ ಮೇಲೆ ಇಷ್ಟು ನಂಬಿಕೆ ಇರುವವರಿಗೆ ಅಪಾಯ ಕಂಡರೂ, ಅದು ಬೇರೆಯವರಿಗೆ ಅಪಾಯ, ನನಗಲ್ಲ ಅನ್ನಿಸುವುದು ಸಹಜ.

ಹಾಗಾಗಿ ಕಂಪನಿಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ನಮ್ಮದೇ ಪ್ರಶ್ನೆ ಬರೆದುಕೊಂಡೆವು. ಇವರಿಗೆ ಸುಳಿವು ಕಾಣುತ್ತಿಲ್ಲವಾ? ಕಂಡರೂ ಮುಂದಿನದು ಹೊಳೆಯುತ್ತಿಲ್ಲವಾ? ಅಥವಾ ಎಲ್ಲ ಗೊತ್ತಾಗಿಯೂ ಅದನ್ನು ಅಪಾಯ ಅಂತ ಲೆಕ್ಕಕ್ಕೆ ತಗೊಳ್ಳುತ್ತಿಲ್ಲವಾ? ಮೂರಕ್ಕೂ ಔಷಧಿ ಬೇರೆ ಬೇರೆ.

ಅಳೆದಿದ್ದು ಹೇಗೆ

ಪತ್ರದಲ್ಲಿ ಕೇಳಿದ್ದರಿಂದ ಕಣ್ಣಿನ ಪರೀಕ್ಷೆ, ಬಟನ್ ಒತ್ತುವ ರಿಯಾಕ್ಷನ್ ಪರೀಕ್ಷೆ ಎರಡೂ ಮಾಡಿಸಿದೆವು. ಎರಡೂ ಚೆನ್ನಾಗಿ ಬಂದವು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಆಮೇಲೆ ಒಂದು ಪ್ರಶ್ನಾವಳಿ. 1990ರಲ್ಲಿ ಜೇಮ್ಸ್ ರೀಸನ್ ಮತ್ತು ಜೊತೆಯವರು ಡ್ರೈವರ್‌ಗಳ ನಡವಳಿಕೆ ಅಳೆಯೋಕೆ ರೂಪಿಸಿದ ಮಾದರಿಯದು. ಅದರ ಹೆಚ್ಚುಗಾರಿಕೆ ಏನೆಂದರೆ ಮರೆವನ್ನು, ತಪ್ಪನ್ನು, ಬೇಕೂಂತ ಮಾಡುವ ಉಲ್ಲಂಘನೆಯನ್ನು ಬೇರೆ ಬೇರೆ ಮಾಡಿ ನೋಡುತ್ತದೆ. ಇವರ ಉತ್ತರಗಳಲ್ಲಿ ಮರೆವು ಕಡಿಮೆ, ತಪ್ಪು ಕಡಿಮೆ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವುದು, ಸಿಗ್ನಲ್ ಬದಲಾಗುವ ಮುಂಚೆ ದಾಟಿಬಿಡುವುದು ಇಂಥವು ಮಾತ್ರ "ಆಗಾಗ" ಅಂತ ಗುರುತಾಗಿದ್ದವು. ಮುಚ್ಚಿಡದೆ ಬರೆದಿದ್ದರು. ಅದು ತಪ್ಪು ಅಂತ ಅವರಿಗೆ ಅನ್ನಿಸಿರಲೇ ಇಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಮುಂದಿನದು ವಿಡಿಯೊ ಪರೀಕ್ಷೆ. ಡ್ರೈವರ್ ಸೀಟಿನಿಂದ ಕಾಣುವ ರಸ್ತೆಯ ವಿಡಿಯೊ ಓಡುತ್ತದೆ, ಅಪಾಯ ಬೆಳೆಯುತ್ತಿದೆ ಅನ್ನಿಸಿದ ತಕ್ಷಣ ಬಟನ್ ಒತ್ತಬೇಕು. ಬ್ರಿಟನ್ ಇದನ್ನು 2002ರ ನವೆಂಬರ್‌ನಲ್ಲಿ ಲೈಸೆನ್ಸಿನ ಥಿಯರಿ ಪರೀಕ್ಷೆಗೆ ಸೇರಿಸಿತು. ಅಲ್ಲಿ ಕಾರಿನ ಪರೀಕ್ಷೆಯಲ್ಲಿ 14 ವಿಡಿಯೊ, ಒಟ್ಟು 15 ಅಪಾಯ. ಬೇಗ ಗುರುತಿಸಿದರೆ 5 ಅಂಕ, ತಡವಾದಷ್ಟೂ ಕಡಿಮೆ, ತೀರಾ ತಡವಾದರೆ ಸೊನ್ನೆ. 75ಕ್ಕೆ 44 ಬಂದರೆ ಪಾಸ್. ಸುಮ್ನೆ ಒಂದೇ ಸಮ ಒತ್ತುತ್ತಾ ಕೂತರೆ ಆ ವಿಡಿಯೊಗೆ ಅಂಕವೇ ಇಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಂಥ ಪರೀಕ್ಷೆ ಬರೆದವರನ್ನು ಮುಂದೆ ಗಮನಿಸಿ 2015ರಲ್ಲಿ ಒಂದು ಅಧ್ಯಯನ ಬಂತು. ಪರೀಕ್ಷೆಯಲ್ಲಿ ಫೇಲ್ ಆದವರಿಗೆ ನಂತರದ ವರ್ಷದಲ್ಲಿ ಕೆಲವು ಬಗೆಯ ಅಪಘಾತ ಸುಮಾರು 25% ಜಾಸ್ತಿ ಆಗಿದ್ದವು. ಅಂದರೆ ಪರೀಕ್ಷೆಗೆ ತೂಕ ಇದೆ.

ನಮ್ಮ ಡ್ರೈವರ್ ಇದರಲ್ಲಿ ಕೆಟ್ಟದಾಗಿ ಮಾಡಿದರು. ಬಹಳಷ್ಟು ಕಡೆ ತಡವಾಗಿ ಒತ್ತಿದರು, ಕೆಲವು ಕಡೆ ಒತ್ತಲೇ ಇಲ್ಲ. ನಿನ್ನೆ ಮೊನ್ನೆ ಲೈಸೆನ್ಸ್ ಪಡೆದವರ ಹಾಗೆ ಇತ್ತು ಫಲಿತಾಂಶ.

ಬಹಳ ಕಡೆ ಮೌಲ್ಯಮಾಪನ ಇಲ್ಲಿಗೇ ನಿಲ್ಲುತ್ತದೆ. ಅಂಕ ಕಡಿಮೆ, ಅಪಾಯ ಗುರುತಿಸುವ ಶಕ್ತಿ ಇಲ್ಲ, ಎಲ್ಲಿ ನೋಡಬೇಕು ಅಂತ ಕಲಿಸಿ ಅಥವಾ ಕೆಲಸದಿಂದ ತೆಗೆಯಿರಿ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬಟನ್ ಒತ್ತುವ ಪರೀಕ್ಷೆ ಎರಡು ಸಂಗತಿಗಳನ್ನು ಒಂದರಲ್ಲಿ ಕಲಸಿಬಿಡುತ್ತದೆ. ಕಾಣದಿದ್ದರೂ ಒತ್ತಲ್ಲ, ಕಂಡೂ "ಇದೇನು ಅಪಾಯ" ಅನ್ನಿಸಿದರೂ ಒತ್ತಲ್ಲ. ಅಂಕ ಎರಡಕ್ಕೂ ಒಂದೇ.

ಇದು ಬರೀ ನಮ್ಮ ಅನುಮಾನ ಅಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಲೇಷ್ಯಾದ ಮತ್ತು ಬ್ರಿಟನ್‌ನ ಡ್ರೈವರ್‌ಗಳನ್ನು ಹೋಲಿಸಿದ್ದರು. ಮಲೇಷ್ಯಾದವರು ಅಪಾಯಗಳಿಗೆ ಪ್ರತಿಕ್ರಿಯೆ ಕೊಟ್ಟಿದ್ದು ತಡವಾಗಿ. ದಿನಾ ಅಂಥ ರಸ್ತೆಯಲ್ಲೇ ಓಡಾಡಿ ಅಪಾಯ ಮಾಮೂಲಿ ಆಗಿಬಿಟ್ಟಿದೆ, ಇನ್ನೂ ದೊಡ್ಡದಾಗುವ ತನಕ ಅವರು ಅದನ್ನು ಅಪಾಯ ಅಂತ ಪರಿಗಣಿಸುವುದಿಲ್ಲ ಅಂತ ಸಂಶೋಧಕರು ವಿವರಿಸಿದರು. ದಟ್ಟ ಟ್ರಾಫಿಕ್ಕಿನಲ್ಲಿ ಬೆಳೆದ ಡ್ರೈವರ್‌ಗಳ ಅಂಕ ಓದುವಾಗ ಇದನ್ನು ನೆನಪಿಡಲೇಬೇಕು.

ಎರಡನ್ನೂ ಬಿಡಿಸಿ ನೋಡೋಕೆ ಇನ್ನೊಂದು ಬಗೆಯ ಪರೀಕ್ಷೆ ಇದೆ. ನಾಟಿಂಗ್‌ಹ್ಯಾಮ್‌ನ ಸಂಶೋಧಕರು 2009ರಲ್ಲಿ ಇದರ ಬಗ್ಗೆ ಪ್ರಕಟಿಸಿದ್ದರು. ವಿಡಿಯೊ ಓಡುತ್ತಾ ಇರುತ್ತದೆ, ಅಪಾಯ ಶುರುವಾಗುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತದೆ. ಆಗ ಕೇಳುವುದು: ಎಲ್ಲಿ ಏನಿತ್ತು, ಮುಂದೆ ಏನಾಗುತ್ತದೆ? ಇಲ್ಲಿ ಅಪಾಯವಾ ಅಲ್ಲವಾ ಅಂತ ತೀರ್ಮಾನಿಸುವ ಕೆಲಸವೇ ಇಲ್ಲ. ಕಂಡಿದ್ದನ್ನು ಹೇಳಿದರೆ ಸಾಕು.

ಇದರಲ್ಲಿ ಅವರು ಎಲ್ಲರನ್ನೂ ಮೀರಿಸಿದರು. "ಆ ಸೈಕಲ್‌ನವನು ಗುಂಡಿ ತಪ್ಪಿಸೋಕೆ ಈ ಕಡೆ ಬರ್ತಾನೆ." "ಲಾರಿ ಹಿಂದೆ ಬೈಕ್ ಇತ್ತು, ಹಣಕಿ ನೋಡ್ತಿದ್ದ, ಈಗ ಓವರ್‌ಟೇಕ್ ಮಾಡ್ತಾನೆ." "ಬಸ್ಸಿನ ಮುಂದೆಯಿಂದ ಯಾರೋ ಬರ್ತಾರೆ." ತಡವರಿಸದೆ ಹೇಳಿದರು. ಬಟನ್ ಪರೀಕ್ಷೆಯಲ್ಲಿ ಒತ್ತದೇ ಬಿಟ್ಟಿದ್ದ ಅಪಾಯಗಳಂಥವನ್ನೇ ಇಲ್ಲಿ ಒಂದೊಂದಾಗಿ ಹೆಸರಿಸುತ್ತಿದ್ದರು.

ಮೂರನೇದಾಗಿ ಅದೇ ವಿಡಿಯೊಗಳಿಗೆ ಹತ್ತಕ್ಕೆ ಎಷ್ಟು ಅಪಾಯ ಅಂತ ಅಂಕ ಕೊಡಿ ಅಂದೆವು. ಅದೇ ಡಿಪೋದಲ್ಲಿ ಅಪಘಾತ ಮಾಡದ ಕೆಲವು ಡ್ರೈವರ್‌ಗಳಿಂದಲೂ ಅಂಕ ಪಡೆದಿದ್ದೆವು. ನಿಂತ ಬಸ್ಸಿನ ದೃಶ್ಯಕ್ಕೆ ಉಳಿದವರು ಏಳು, ಎಂಟು ಕೊಟ್ಟಿದ್ದರು. ಇವರು ಎರಡು ಕೊಟ್ಟರು. ಬಸ್ಸಿನ ಮುಂದೆಯಿಂದ ಯಾರೋ ಬರ್ತಾರೆ ಅಂತ ತಾವೇ ಹೇಳಿದ್ದ ದೃಶ್ಯಕ್ಕೆ! ಇವರ ಕಣ್ಣು ನೆಟ್ಟಗಿರುವ ತಕ್ಕಡಿ, ತೂಕದ ಕಲ್ಲು ಮಾತ್ರ ಸುಳ್ಳು.

ಕೊನೆಗೆ ರಸ್ತೆಯ ಮೇಲೆ. ಪಕ್ಕದ ಸೀಟಿನಲ್ಲಿ ಕೂತು, ಕಂಡಿದ್ದನ್ನೆಲ್ಲ ಬಾಯಲ್ಲಿ ಹೇಳುತ್ತಾ ಓಡಿಸಿ ಅಂದೆವು. ಪೆಡಲ್ ಕಡೆಗೂ ಒಂದು ಸಣ್ಣ ಕ್ಯಾಮೆರಾ ಇಟ್ಟಿದ್ದೆವು. ನನ್ನ ಪ್ರಕಾರ ಇಡೀ ಮೌಲ್ಯಮಾಪನದಲ್ಲಿ ಅತಿ ಮುಖ್ಯವಾದ ಉಪಕರಣ ಆ ಕ್ಯಾಮೆರಾ. ಬಾಯಿ ಹೇಳುತ್ತಿದೆ: "ಮುಂದೆ ಮಕ್ಕಳು ಚೆಂಡು ಆಡ್ತಿದ್ದಾರೆ." ಕಾಲು ಆಕ್ಸಿಲರೇಟರ್ ಮೇಲೆಯೇ ಇದೆ. "ಈ ಕಾರು ಇಂಡಿಕೇಟರ್ ಹಾಕದೆ ತಿರುಗುತ್ತೆ ನೋಡಿ." ಕಾಲು ಅಲ್ಲೇ. ಕಾರು ತಿರುಗಿತು, ಆಗ ಬ್ರೇಕ್ ಬಿತ್ತು, ಚೊಕ್ಕವಾಗಿ ಬಿತ್ತು. ಅವರಿಗೆ ಹೆಮ್ಮೆ. ನಾನು ಸೀಟಿನ ಅಂಚು ಗಟ್ಟಿಯಾಗಿ ಹಿಡಿದಿದ್ದೆ.

ಈ ಲೆಕ್ಕ ಬಂದಿದ್ದು ಎಲ್ಲಿಂದ

ವಿಡಿಯೊ ನಿಲ್ಲಿಸಿ ಕೇಳಿದೆ, ಮಕ್ಕಳು ಕಂಡರಲ್ಲ, ಕಾಲು ಯಾಕೆ ತೆಗೆಯಲಿಲ್ಲ?

"ಚೆಂಡು ರಸ್ತೆಗೆ ಬರಲಿಲ್ಲವಲ್ಲ ಸರ್."

ಬಂದಿದ್ದರೆ?

"ಬ್ರೇಕ್ ಹಿಡೀತಿದ್ದೆ."

ಈ ಎರಡನೇ ಉತ್ತರದಲ್ಲಿ ಇಡೀ ಪ್ರಕರಣ ಇದೆ. ಎಂಟು ವರ್ಷದಲ್ಲಿ ಅವರು ಸಾವಿರಾರು ಸಲ ಹೀಗೆ ಹಿಡಿದಿದ್ದಾರೆ. ನಿಂತ ಬಸ್ಸುಗಳ ಪಕ್ಕ ವೇಗ ಕಡಿಮೆ ಮಾಡದೆ ಹೋಗಿದ್ದಾರೆ, ಬಹುತೇಕ ಸಲ ಯಾರೂ ಬಂದಿಲ್ಲ, ಬಂದವರು ಇವರ ಗಾಡಿ ನೋಡಿ ನಿಂತಿದ್ದಾರೆ. ರಸ್ತೆ ಅವರಿಗೆ ದಿನಾ ಕಲಿಸಿದ ಪಾಠ ಒಂದೇ: ಹೀಗೆ ಹೋದರೆ ಏನೂ ಆಗಲ್ಲ. ತಪ್ಪಾಗಿ ಓಡಿಸಿದರೂ ರಸ್ತೆ ಬಹಳ ಸಲ ಶಿಕ್ಷೆ ಕೊಡಲ್ಲ. ಸಮಯ ಉಳಿತಾಯದ ಬಹುಮಾನವಂತೂ ಪ್ರತಿ ಸಲ ಕೊಡುತ್ತದೆ. ಫಿನ್‌ಲ್ಯಾಂಡಿನ ನಾಟಾನೆನ್ ಮತ್ತು ಸುಮಾಲಾ 1970ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಅನುಭವ ಹೆಚ್ಚಾದಂತೆ ಡ್ರೈವರ್‌ಗೆ ಅಪಾಯ ಇದೆ ಅನ್ನಿಸುವುದೇ ಕಡಿಮೆಯಾಗುತ್ತದೆ, ಹೆಚ್ಚಿನ ಸಮಯ ಆ ಅನಿಸಿಕೆ ಸೊನ್ನೆಯಲ್ಲೇ ಇರುತ್ತದೆ ಅನ್ನುವುದು ಅವರ ವಾದದ ತಿರುಳು.

ಮೂರು ಅಪಘಾತ ಆದ ಮೇಲಾದರೂ ಬದಲಾಗಬೇಕಿತ್ತಲ್ವಾ ಅಂತ ನೀವು ಕೇಳಬಹುದು. ಮೂರರ ಬಗ್ಗೆಯೂ ಅವರಿಗೆ ಬೇರೆ ವಿವರಣೆ ಇತ್ತು. ಕಾರಿನವನು ನೋಡದೆ ಬಾಗಿಲು ತೆಗೆದ. ಮುಂದಿನವನು ಸುಮ್ನೆ ಬ್ರೇಕ್ ಹಾಕಿದ. ಹುಡುಗ ಓಡಿ ಬಂದ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಸುಳ್ಳೂ ಅಲ್ಲ. ಹುಡುಗನ ವಿಷಯ ಬಂದಾಗ ಅವರ ದನಿ ನಡುಗಿತು. ಅವರಿಗೆ ನೋವಿತ್ತು, ನಿಜವಾದ ನೋವು. ಆದರೆ ನೋವಾದ ಮಾತ್ರಕ್ಕೆ ಲೆಕ್ಕ ಸರಿಹೋಗಲ್ಲ. ಅವರು ತೆಗೆದುಕೊಂಡ ತೀರ್ಮಾನ ಏನು ಗೊತ್ತಾ? ಇನ್ನೂ ಚುರುಕಾಗಿ ಬ್ರೇಕ್ ಹಾಕಬೇಕು ಅಂತ. ಅದಕ್ಕಾಗಿ ತಮ್ಮ ಸ್ವಂತ ಖರ್ಚಿನಲ್ಲಿ ಗಾಡಿ ಹಿಡಿತದ ಒಂದು ಕೋರ್ಸಿಗೆ ಸೇರೋಕೆ ಹೊರಟಿದ್ದರು.

ಅದನ್ನು ಸದ್ಯಕ್ಕೆ ಬೇಡ ಅಂತ ತಡೆದೆವು. ನಾರ್ವೆಯಲ್ಲಿ 1980ರ ದಶಕದಲ್ಲಿ ಜಾರುವ ರಸ್ತೆಯ ಮೇಲೆ ಗಾಡಿ ನಿಭಾಯಿಸುವ ತರಬೇತಿ ಕೊಟ್ಟು ನೋಡಿದ ಅನುಭವ ಇದೆ. ಯುವ ಗಂಡಸರಲ್ಲಿ ಜಾರುರಸ್ತೆಯ ಅಪಘಾತ ಇಳಿಯುವ ಬದಲು ಏರಿತು. ಹಿಡಿತ ಬಂತು, ಹಿಡಿತಕ್ಕಿಂತ ಜಾಸ್ತಿ ಧೈರ್ಯ ಬಂತು. ಮೊದಲೇ ಧೈರ್ಯ ಜಾಸ್ತಿ ಇರುವವರಿಗೆ ಇಂಥ ಕೋರ್ಸ್ ಕೊಡುವುದು ಅಪಾಯಕಾರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಕಾರಣ ಡ್ರೈವರ್‌ನ ತಲೆಯೊಳಗೆ ಇರಲಿಲ್ಲ, ಡ್ಯಾಶ್‌ಬೋರ್ಡಿನ ಮೇಲಿತ್ತು. ಡೆಲಿವರಿ ಆ್ಯಪ್. ಪ್ರತಿ ಪಾರ್ಸೆಲ್‌ಗೂ ಸಮಯ, ತಡವಾದರೆ ಕೆಂಪು ಬಣ್ಣ, ಕೆಂಪು ಜಾಸ್ತಿಯಾದರೆ ತಿಂಗಳ ಪ್ರೋತ್ಸಾಹಧನಕ್ಕೆ ಕತ್ತರಿ. ಡ್ಯಾಶ್‌ಕ್ಯಾಮ್ ದಾಖಲೆ ಮತ್ತು ಆ್ಯಪ್ ದಾಖಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಜೋರು ಬ್ರೇಕುಗಳು ಕೆಂಪು ಬಣ್ಣದ ಹೊತ್ತಿನಲ್ಲೇ ಗುಂಪಾಗಿ ಬಂದಿದ್ದವು. ಹುಡುಗನಿಗೆ ಗುದ್ದಿದ ಹೊತ್ತಿನಲ್ಲೂ ಪರದೆ ಕೆಂಪಾಗಿತ್ತು. ಕಂಪನಿಯ ಪತ್ರದಲ್ಲಿ ಈ ಆ್ಯಪ್ ಬಗ್ಗೆ ಒಂದು ಮಾತೂ ಇರಲಿಲ್ಲ.

ಮಾಡಿದ್ದು ಏನು

ಎಲ್ಲಿ ನೋಡಬೇಕು ಅನ್ನುವ ಪಾಠ ಬಿಟ್ಟೆವು, ಅದು ಅವರಿಗೆ ಬೇಕಿರಲಿಲ್ಲ. ಉಪದೇಶವನ್ನೂ ಬಿಟ್ಟೆವು. ಹುಷಾರಾಗಿ ಓಡಿಸಿ ಅಂತ ಅವರಿಗೆ ಎಂಟು ವರ್ಷದಿಂದ ಎಲ್ಲರೂ ಹೇಳುತ್ತಲೇ ಬಂದಿದ್ದಾರೆ.

ಮೊದಲು ಮಾಡಿದ್ದು ಮೀಟರ್ ಲೆಕ್ಕ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಒಂದು ಸೆಕೆಂಡಿನಲ್ಲಿ ಬ್ರೇಕ್ ಹಾಕುತ್ತೀರಿ ಅಂದುಕೊಳ್ಳೋಣ, ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ. ಬ್ರೇಕ್ ಬೀಳುವ ಮುಂಚೆ 14 ಮೀಟರ್, ಬಿದ್ದ ಮೇಲೆ ಇನ್ನೊಂದು 14 ಮೀಟರ್, ಒಟ್ಟು 28 ಮೀಟರಿನಲ್ಲಿ ಗಾಡಿ ನಿಂತಿತು. ಈಗ ಅದೇ ಜಾಗ, ಅದೇ ಡ್ರೈವರ್, ಅದೇ ಗಾಡಿ, ವೇಗ ಮಾತ್ರ 60. ಆ 28 ಮೀಟರ್ ಮುಗಿದಾಗ ಗಾಡಿಯ ವೇಗ ಎಷ್ಟಿರುತ್ತದೆ? ಹತ್ತು, ಬಹಳ ಅಂದರೆ ಹದಿನೈದು ಅಂದರು. ಜೊತೆಯಲ್ಲೇ ಕೂತು ಲೆಕ್ಕ ಹಾಕಿದೆವು. ಗಂಟೆಗೆ ಸುಮಾರು 40 ಕಿ.ಮೀ. ಬಂತು. 50ರಲ್ಲಿ ಮುಟ್ಟದೆ ನಿಂತ ಜಾಗದಲ್ಲಿ, 60ರಲ್ಲಿ 40ರ ವೇಗದಲ್ಲಿ ಗುದ್ದುತ್ತದೆ. ಅವರು ಎರಡು ಸಲ ಲೆಕ್ಕ ಮಾಡಿಸಿದರು. ಸರಾಸರಿ ವೇಗ 1% ಏರಿದರೆ ಸಾವು ತರುವ ಅಪಘಾತದ ಸಾಧ್ಯತೆ ಸುಮಾರು 4% ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಆಮೇಲೆ ತಿಳಿಸಿದೆವು. ಆ ವಾಕ್ಯ ಅವರನ್ನು ಅಷ್ಟಾಗಿ ತಟ್ಟಲಿಲ್ಲ. ತಾವೇ ಪೆನ್ನು ಹಿಡಿದು ಮಾಡಿದ ಲೆಕ್ಕ ತಟ್ಟಿತು.

ಆಮೇಲೆ ಅವರದೇ ಡ್ಯಾಶ್‌ಕ್ಯಾಮ್. ಗುದ್ದಿದ ಮೂರು ವಿಡಿಯೊ ಬಿಟ್ಟು, ಏನೂ ಆಗದ ವಿಡಿಯೊಗಳನ್ನು ಆರಿಸಿದೆವು. ಅವರು ಮರೆತೇಬಿಟ್ಟಿದ್ದ, ಸ್ವಲ್ಪದರಲ್ಲಿ ತಪ್ಪಿದ ಸಂದರ್ಭಗಳು. ಒಂದೊಂದನ್ನೂ ನಿಲ್ಲಿಸಿ, ಎದುರಿನವರಿಗೂ ಇವರಿಗೂ ನಡುವೆ ಎಷ್ಟು ಮೀಟರ್ ಉಳಿದಿತ್ತು ಅಂತ ಅಂದಾಜು ಮಾಡಿಸಿದೆವು. ಆ ಜಾಗವನ್ನು ಉಳಿಸಿದ್ದು ಯಾರು ಅನ್ನುವುದು ಮುಂದಿನ ಪ್ರಶ್ನೆ. ಬಹಳ ಕಡೆ ಉತ್ತರ ಒಂದೇ ಆಗಿತ್ತು: ಎದುರಿನವರು ನಿಂತರು, ಸೈಕಲ್‌ನವರು ಪಕ್ಕಕ್ಕೆ ಹೋದರು, ಅಜ್ಜಿಯೊಬ್ಬರು ಹಿಂದಕ್ಕೆ ಹೆಜ್ಜೆ ಇಟ್ಟರು. ತಾನು ಹಿಡಿದೆ ಅಂದುಕೊಂಡಿದ್ದ ಎಷ್ಟೋ ಸಲ ಹಿಡಿದದ್ದು ಬೇರೆಯವರು. ಆ ದಿನ ಅವರು ಹೆಚ್ಚು ಮಾತಾಡಲಿಲ್ಲ.

ರಸ್ತೆಯ ಮೇಲೆ ಕಲಿಸಿದ್ದು ಒಂದೇ ಅಭ್ಯಾಸ. ಬಾಯಲ್ಲಿ ಅಪಾಯದ ಹೆಸರು ಬಂದ ಕೂಡಲೇ ಕಾಲು ಆಕ್ಸಿಲರೇಟರ್‌ನಿಂದ ಎದ್ದು ಬ್ರೇಕಿನ ಮೇಲೆ ತೇಲಬೇಕು. ಒತ್ತಬೇಕಿಲ್ಲ, ಅಲ್ಲಿದ್ದರೆ ಸಾಕು. ಅಪಾಯ ದೊಡ್ಡದಾ ಚಿಕ್ಕದಾ ಅಂತ ತೂಗುವ ಅಧಿಕಾರವನ್ನೇ ಆ ಹೊತ್ತಿಗೆ ಅವರಿಂದ ಕಿತ್ತುಕೊಂಡ ಹಾಗೆ. ಅವರ ತೂಕ ಸರಿಯಾಗೋಕೆ ಕಾಲ ಬೇಕು, ಅಲ್ಲಿಯ ತನಕ ರಸ್ತೆಯಲ್ಲಿರುವವರು ಕಾಯಬೇಕಾ? ಹಾಗಾಗಿ ಕಾಲಿಗೆ ನೇರವಾಗಿ ಅಭ್ಯಾಸ ಮಾಡಿಸಿದೆವು. ಪರಿಣತರ ಮಾತು ಕೇಳುತ್ತಾ ಮುಂದಿನದನ್ನು ಊಹಿಸುವ ತರಬೇತಿ ಪಡೆದವರು ಅಪಾಯದ ಜಾಗಗಳಲ್ಲಿ ಕಡಿಮೆ ವೇಗ ಆರಿಸಿಕೊಳ್ಳುತ್ತಾರೆ ಅಂತ ಮೆಕೆನ್ನಾ, ಹಾರ್ಸ್‌ವಿಲ್ ಮತ್ತು ಅಲೆಕ್ಸಾಂಡರ್ 2006ರಲ್ಲಿ ತೋರಿಸಿದ್ದರು. ನಮ್ಮ ಅಭ್ಯಾಸಕ್ಕೆ ಆಧಾರ ಅದು.

ಮೊದಮೊದಲು ಅವರಿಗೆ ವಿಪರೀತ ಕಿರಿಕಿರಿ ಆಯಿತು. ಇಡೀ ದಾರಿ ಬ್ರೇಕಿನ ಮೇಲೇ ಕಾಲಿಟ್ಟರೆ ಡೆಲಿವರಿ ಮುಗಿಯೋದು ಯಾವಾಗ ಅಂದರು. ನ್ಯಾಯವಾದ ಮಾತು. ಅದಕ್ಕೆ ಉತ್ತರ ಕೊಡಬೇಕಾದವರು ಕಂಪನಿಯವರು.

ಕಂಪನಿಗೆ ಬರೆದ ವರದಿಯಲ್ಲಿ ನಾವು ಮೂರು ಮಾತು ಸ್ಪಷ್ಟವಾಗಿ ಹೇಳಿದೆವು. ಈ ಡ್ರೈವರ್‌ಗೆ ಕಣ್ಣಿನ ತೊಂದರೆಯೂ ಇಲ್ಲ, ರಿಫ್ಲೆಕ್ಸಿನ ತೊಂದರೆಯೂ ಇಲ್ಲ, ಅಪಾಯದ ಬೆಲೆಯನ್ನು ಕಡಿಮೆ ಕಟ್ಟುವುದೇ ತೊಂದರೆ, ಅದನ್ನು ತಿದ್ದಬಹುದು. ಆ್ಯಪಿನ ಕೆಂಪು ಬಣ್ಣ ಆ ತೊಂದರೆಯನ್ನು ದಿನಾ ಬೆಳೆಸುತ್ತಿದೆ, ಅದನ್ನು ತೆಗೆಯದೆ ತರಬೇತಿ ಕೊಟ್ಟರೆ ಹಣ ದಂಡ. ಮೂರನೇದಾಗಿ, ತಿದ್ದುವ ತನಕ ಇವರಿಗೆ ಶಾಲೆ ಬಿಡುವ ಹೊತ್ತಿನ ಟ್ರಿಪ್ ಕೊಡಬೇಡಿ. ಕಂಪನಿ ಎರಡನೇ ಮಾತಿಗೆ ಸುಲಭವಾಗಿ ಒಪ್ಪಲಿಲ್ಲ. ಜೋರು ಬ್ರೇಕ್ ಮತ್ತು ಕೆಂಪು ಹೊತ್ತು ಒಟ್ಟಿಗೆ ಬರುವುದನ್ನು ಅವರದೇ ದಾಖಲೆಯಲ್ಲಿ ತೋರಿಸಿದ ಮೇಲೆ, ಪ್ರತಿ ಪಾರ್ಸೆಲ್‌ನ ಸಮಯ ತೆಗೆದು ಅರ್ಧ ದಿನಕ್ಕೆ ಒಟ್ಟು ಸಮಯ ಕೊಡೋಕೆ ಒಪ್ಪಿದರು. ಮೊದಲು ಈ ಒಬ್ಬರಿಗೆ ಮಾತ್ರ, ಆಮೇಲೆ ಇಡೀ ಡಿಪೋಗೆ.

ಆಮೇಲೆ

ಕೆಲವು ತಿಂಗಳ ಮೇಲೆ ಮತ್ತೆ ಅಳೆದೆವು. ವಿಡಿಯೊ ಬೇರೆ, ಹಳೇದು ನೆನಪಿದ್ದು ಒತ್ತಬಾರದು ಅಂತ. ಬಟನ್ ಬೇಗ ಬೀಳುತ್ತಿತ್ತು. ಅಪಾಯದ ಅಂಕಗಳು ಜೊತೆಯವರ ಅಂಕಗಳಿಗೆ ಹತ್ತಿರ ಬಂದಿದ್ದವು. ಪೆಡಲ್ ಕ್ಯಾಮೆರಾದಲ್ಲಿ ಕಾಲು ಬಾಯಿಯ ಜೊತೆಗೇ ಚಲಿಸುತ್ತಿತ್ತು, ಕೆಲವು ಸಲ ಬಾಯಿಗಿಂತ ಮೊದಲೇ. ಡ್ಯಾಶ್‌ಕ್ಯಾಮಿನಲ್ಲಿ ಜೋರು ಬ್ರೇಕ್ ಎದ್ದು ಕಾಣುವಷ್ಟು ಕಡಿಮೆಯಾಗಿತ್ತು, ಮುಂದಿನ ಗಾಡಿಯಿಂದ ಬಿಡುವ ಅಂತರ ಹೆಚ್ಚಿತ್ತು.

ಅಪಘಾತ ಆಗಿಲ್ಲ ಅನ್ನುವುದನ್ನು ಮಾತ್ರ ನಾವು ಯಶಸ್ಸಿನ ಪಟ್ಟಿಗೆ ಸೇರಿಸಲಿಲ್ಲ. ಒಬ್ಬ ಡ್ರೈವರ್‌ನ ಬದುಕಿನಲ್ಲಿ ಅಪಘಾತ ಅಪರೂಪ. ಕೆಲವು ತಿಂಗಳು ಆಗದಿರುವುದು ಏನನ್ನೂ ಸಾಬೀತು ಮಾಡಲ್ಲ, ತರಬೇತಿ ಇಲ್ಲದಿದ್ದರೂ ಆಗದೇ ಇರಬಹುದಿತ್ತು. ಅಂತರ, ಜೋರು ಬ್ರೇಕ್, ಕಾಲಿನ ಚಲನೆ ಇವು ದಿನಾ ಸಿಗುವ ಅಳತೆಗಳು, ಹಾಗಾಗಿ ಅವನ್ನೇ ನಂಬಿದ್ದೇವೆ. ಕ್ವೀನ್ಸ್‌ಲ್ಯಾಂಡಿನ 25% ಕೂಡ ದೊಡ್ಡ ಗುಂಪಿನ ಲೆಕ್ಕ. ಅದನ್ನು ಹಿಡಿದು ಒಬ್ಬರ ಅಂಕ ನೋಡಿ ಇವರು ಗುದ್ದೇ ಗುದ್ದುತ್ತಾರೆ ಅಂತ ಹೇಳೋಕಾಗಲ್ಲ, ಕೆಲಸದಿಂದ ತೆಗೆಯುವುದಂತೂ ಅನ್ಯಾಯ.

ಸರಿಹೋಗದ್ದೂ ಇದೆ. ಮಳೆಯ ರಾತ್ರಿಯಲ್ಲಿ ಅವರ ವೇಗ ಇನ್ನೂ ಜಾಸ್ತಿಯೇ. ಹಗಲಿನ ದೃಶ್ಯಗಳಿಗೆ ಅವರ ತೂಕ ಬದಲಾಗಿದೆ, ಕತ್ತಲಿನ ದೃಶ್ಯಗಳಿಗೆ ಅಷ್ಟು ಬದಲಾಗಿಲ್ಲ. ನಮ್ಮ ತರಬೇತಿಯ ವಿಡಿಯೊಗಳು ಹೆಚ್ಚಿನವು ಹಗಲಿನವು. ಆದ್ದರಿಂದ ರಾತ್ರಿಯ ಡ್ಯಾಶ್‌ಕ್ಯಾಮ್ ವಿಡಿಯೊಗಳನ್ನು ಈಗ ಆರಿಸುತ್ತಿದ್ದೇವೆ, ಅದು ಮುಗಿಯುವ ತನಕ ರಾತ್ರಿ ಪಾಳಿ ಬೇಡ ಅಂತ ಕಂಪನಿಗೆ ಬರೆದಿದ್ದೇವೆ.

ಡಿಪೋದ ಉಳಿದ ಡ್ರೈವರ್‌ಗಳಿಗೂ ಎರಡೂ ಪರೀಕ್ಷೆ, ಬಟನ್ ಒತ್ತುವುದು ಮತ್ತು ಕಪ್ಪು ಪರದೆಯದು, ಮಾಡಿಸಿ ಅಂತ ಕಂಪನಿಯೇ ಕೇಳಿತು. ಅದರಲ್ಲಿ ಇಬ್ಬರು ಇವರಿಗೆ ಪೂರ್ತಿ ಉಲ್ಟಾ ಸಿಕ್ಕಿದ್ದಾರೆ. ಯಾವ ದೃಶ್ಯ ತೋರಿಸಿದರೂ ಅಪಾಯಕ್ಕೆ ಎಂಟು, ಒಂಬತ್ತು ಕೊಡುತ್ತಾರೆ, ತೀರಾ ನಿಧಾನವಾಗಿ ಓಡಿಸುತ್ತಾರೆ, ಅಪಘಾತದ ದಾಖಲೆಯೂ ಇಲ್ಲ. ಆದರೆ ಪರದೆ ಕಪ್ಪಾದಾಗ ಏನಿತ್ತು ಅಂತ ಕೇಳಿದರೆ ಹೇಳೋಕೆ ಬರಲ್ಲ. ಭಯ ಇದೆ, ಯಾವುದಕ್ಕೆ ಭಯಪಡಬೇಕು ಅಂತ ಗೊತ್ತಿಲ್ಲ. ಇವರಿಗೆ ಮೀಟರ್ ಲೆಕ್ಕ ಬೇಡ, ಎಲ್ಲಿ ನೋಡಬೇಕು ಅನ್ನುವ ಪಾಠ ಬೇಕು. ಅದನ್ನು ಶುರು ಮಾಡಿದ್ದೇವೆ, ಮತ್ತು ಪಕ್ಕದ ಸೀಟಿನಲ್ಲಿ ಕೂತು ದಾರಿಯ ಸುಳಿವುಗಳನ್ನು ಹೇಳಿಕೊಡುವ ಕೆಲಸಕ್ಕೆ ನಮ್ಮ ಜೊತೆ ಬರುತ್ತಿರುವವರು ಇದೇ ಡ್ರೈವರ್.